ಗಡ್ಡೆಯ ಪ್ರಗತಿ

ಹಾಲ್‌ಬರ್ಗ್, ಅಯೋವಾ
ಏಪ್ರಿಲ್ ೧೧, ಶುಕ್ರವಾರ

ನನ್ನ ಮುದ್ದು ಜೋಲೀನ್,

ಫೋನ್ ಮಾಡಿದರೆ ಮೀಟಿಂಗಿನಲ್ಲಿದ್ದೀನಮ್ಮ ಅನ್ನುತ್ತೀಯ. ಅದಕ್ಕೇ ಈ ಕಾಗದ. ಇದಕ್ಕಾದರೆ ನೀನು ಮಧ್ಯೆ ಬಾಯಿ ಹಾಕಲಾರೆ.

ಮೊದಲು ಕೇಕಿನ ವಿಷಯ. ನಮ್ಮ ಅಡುಗೆಮನೆಯ ಮೇಜಿನ ಮೇಲೆ ಒಂದು ದೊಡ್ಡ ಕೇಕು ಕೂತಿದೆ. ಮೇಲೆ ಗುಲಾಬಿ ಸಕ್ಕರೆಯಲ್ಲಿ ‘ಅಭಿನಂದನೆ, ಆರ್ಡಿತ್’ ಎಂದು ನನ್ನ ಹೆಸರು. ಚರ್ಚಿನ ಹೆಂಗಸರು ತಂದುಕೊಟ್ಟು, ನನ್ನನ್ನು ತಬ್ಬಿಕೊಂಡು, ಸಂತೋಷಕ್ಕೆ ಅತ್ತು ಹೋದರು. ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಚರ್ಚಿನ ನೆಲಮಾಳಿಗೆಯಲ್ಲಿ ನನಗಾಗಿ ಊಟವಂತೆ. ಯಾಕೆಂದು ನಿನಗೆ ಗೊತ್ತು. ಮಂಗಳವಾರ ನೀನು ಕೆಲಸ ಮಾಡುವ ವಿಶ್ವವಿದ್ಯಾಲಯದ ಕ್ಯಾನ್ಸರ್ ಕೇಂದ್ರದಲ್ಲಿ ಆ ಎಳೆಯ ಡಾಕ್ಟರ್ ಲಿಂಡ್‌ಕ್ವಿಸ್ಟ್ ನನ್ನ ಸ್ಕ್ಯಾನ್ ನೋಡಿ, “ಪ್ರಗತಿ ಕಾಣ್ತಾ ಇದೆ, ಆರ್ಡಿತ್” ಅಂದ. ನಿಮ್ಮಪ್ಪ ಕುರ್ಚಿಯಿಂದ ಎದ್ದು ಅವನ ಕೈ ಹಿಡಿದು ಕುಲುಕಿದ್ದೇ ಕುಲುಕಿದ್ದು. “ದೇವ್ರು ನಿಮ್ಮನ್ನ ಚೆನ್ನಾಗಿಟ್ಟಿರಲಿ ಡಾಕ್ಟ್ರೇ!” ಮನೆಗೆ ಬಂದವನೇ ಊರಿಗೆಲ್ಲ ಫೋನ್ ಮಾಡಿದ.

ಬೇರೆಲ್ಲ ಕಡೆ ಪ್ರಗತಿ ಎಂದರೆ ಒಳ್ಳೆಯ ಸುದ್ದಿ. ನಿಮ್ಮ ಕಟ್ಟಡದೊಳಗೆ ಮಾತ್ರ ಅದು ಗಡ್ಡೆಯ ಪ್ರಗತಿ, ಗಡ್ಡೆ ಬೆಳೆದಿದೆ ಎಂದು ಅರ್ಥ. ಡಾಕ್ಟರನ ಮುಖ ನೋಡಿದೊಡನೆ ನನಗೆ ಅರ್ಥವಾಯಿತು. ನಿನಗೂ ಅರ್ಥವಾಗಿತ್ತು, ಕೊರಳಲ್ಲಿ ಗುರುತಿನ ಚೀಟಿ ನೇತುಹಾಕಿಕೊಂಡು ಬಾಗಿಲ ಪಕ್ಕದಲ್ಲೇ ನಿಂತಿದ್ದೆ. ಅವನು ತೆರೆದ ಬಾಯಿ ಹಾಗೇ ಮುಚ್ಚಿದ. ನೀನು ನೆಲ ನೋಡಿದೆ. ಇಬ್ಬರಲ್ಲಿ ಒಬ್ಬರಿಗಾದರೂ ಬಾಯಿ ಬರಬಾರದಿತ್ತೆ?

ಬಂತು, ಲಿಫ್ಟಿನ ಹತ್ತಿರ. ನಾನು ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದಾಗ ನೀನು ಜೊತೆ ಕೆಲಸದವಳಿಗೆ ಹೇಳಿದೆ: “ಅಮ್ಮ ಎರಡನೇ ಔಷಧೀಲೂ ಫೇಲ್.” ನಾನು ಫೇಲೇ? ಚುಚ್ಚಿದಾಗ ಚುಚ್ಚಿಸಿಕೊಂಡೆ, ವಾಂತಿ ಮಾಡಿಕೊಂಡೆ, ತಲೆಗೂದಲನ್ನೂ ಕೊಟ್ಟೆ. ಇನ್ನೇನು ಓದಬೇಕಿತ್ತು ಈ ಪರೀಕ್ಷೆಗೆ? ಔಷಧಿ ಕೆಲಸ ಮಾಡದಿದ್ದರೆ ಔಷಧಿ ಫೇಲು ಕಣೆ! ಗಡ್ಡೆಗೆ ಪ್ರಗತಿ, ರೋಗಿಗೆ ಫೇಲು. ಜೀವನವಿಡೀ ಗಣಿತ ಕಲಿಸಿದವಳು ನಾನು. ಈ ಭಾಷೆ ಹುಟ್ಟಿಸಿದವರು ಕೈಗೆ ಸಿಕ್ಕರೆ ತರಗತಿಯ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ನಿಲ್ಲಿಸುತ್ತೇನೆ.

ಹೊಸ ಔಷಧಿಯ ಪ್ರಯೋಗಕ್ಕೆ ಸೇರು ಎಂದು ನಿನ್ನ ಒತ್ತಾಯ. ಮರುದಿನ ಡಾಕ್ಟರ್ ಫೋನ್ ಮಾಡಿ ಎಲ್ಲ ಬಿಡಿಸಿ ಹೇಳಿದ. ಅದು ನನ್ನನ್ನು ಉಳಿಸುವುದಕ್ಕಲ್ಲ, ಮನುಷ್ಯನ ಮೈ ಆ ಔಷಧಿಯನ್ನು ಎಷ್ಟು ತಡೆದುಕೊಳ್ಳುತ್ತದೆ ಎಂದು ತಿಳಿಯುವುದಕ್ಕೆ. ನನಗೆ ಉಪಯೋಗವಾದರೆ ಅದೃಷ್ಟ. ಇದನ್ನು ಜನರಿಗೆ ತಿಳಿಸಿ ಹೇಳುವುದೇ ನಿನ್ನ ಕೆಲಸ ತಾನೆ? ಹಿಂದೊಮ್ಮೆ ಅಲ್ಲಿ ಔಷಧಿ ಹಾಕಿಸಿಕೊಳ್ಳುತ್ತ ಮಲಗಿದ್ದಾಗ ಪಕ್ಕದ ಪರದೆಯ ಸಂದಿಯಿಂದ ನಿನ್ನನ್ನು ನೋಡಿದ್ದೇನೆ. ಹಂದಿ ಸಾಕುವ ಒಬ್ಬ ಮುದುಕನ ಎದುರು ಮಂಡಿಯೂರಿ ಕೂತು, “ಈಗ ನಾನು ಹೇಳಿದ್ದನ್ನ ನಿಮ್ಮ ಮಾತಲ್ಲೇ ನಂಗೆ ವಾಪಸ್ ಹೇಳಿ, ವೆಂಡೆಲ್” ಅನ್ನುತ್ತಿದ್ದೆ. ಅವನು ತಪ್ಪು ಹೇಳಿದ. ನೀನು ಮತ್ತೆ ಮೊದಲಿನಿಂದ ಶುರುಮಾಡಿದೆ. ಎಂಥ ತಾಳ್ಮೆ! ನನಗೆ ಹೆಮ್ಮೆಯಾಯಿತು, ಈಗ ನೆನೆದರೆ ಹೊಟ್ಟೆಕಿಚ್ಚಾಗುತ್ತದೆ. ಆ ಮುದುಕನಿಗೆ ಸಿಕ್ಕ ಜೋಲೀನ್ ನಿಮ್ಮಪ್ಪನಿಗೆ ಯಾಕೆ ಸಿಗಬಾರದು?

ನನ್ನ ಷರತ್ತು ಇಷ್ಟೇ. ಭಾನುವಾರದ ಊಟಕ್ಕೆ ಮೊದಲು ಮನೆಗೆ ಬಾ. ನಿಮ್ಮಪ್ಪನನ್ನು ಎದುರಿಗೆ ಕೂರಿಸಿಕೊಂಡು ನಿಜ ಹೇಳು, ಅವನ ಬಾಯಿಂದಲೇ ವಾಪಸ್ ಹೇಳಿಸು. ಆಮೇಲೆ ನಾನು ನಿಮ್ಮ ಪ್ರಯೋಗಕ್ಕೆ ಸೇರುತ್ತೇನೆ, ಮೊದಲು ಖಂಡಿತ ಇಲ್ಲ. ಹೇಳುವುದು ನನ್ನ ಕೈಲಾಗದು. ಅವನೋ, ಬೆಳಗಿನಿಂದ ಸಿಳ್ಳೆ ಹಾಕುತ್ತ ಹಿತ್ತಿಲ ರೂಬಾರ್ಬ್ ಗಿಡಗಳಿಗೆ ಗೊಬ್ಬರ ಹಾಕುತ್ತಿದ್ದಾನೆ. ಬೇಸಿಗೆಗೆ ಮಿನೆಸೋಟಕ್ಕೆ ಮೀನು ಹಿಡಿಯಲು ಹೋಗೋಣ, ಕೆರೆ ದಂಡೆಯ ಮನೆ ಗೊತ್ತು ಮಾಡಿಯಾಯಿತು ಅನ್ನುತ್ತಾನೆ. ಆ ಸಿಳ್ಳೆ ಕೇಳಿದರೆ ಮೈಯೆಲ್ಲ ಉರಿಯುತ್ತದೆ, ಆದರೂ ಕಿಟಕಿ ಮುಚ್ಚಲು ಮನಸ್ಸು ಬರುವುದಿಲ್ಲ.

ಸರಿಯಾಗಿ ಊಟ ಮಾಡು. ನಿಮ್ಮ ಪಡಸಾಲೆಯ ಯಂತ್ರದಿಂದ ಬೀಳುವ ಚಿಪ್ಸ್ ಊಟವಲ್ಲ.

ಸಿಟ್ಟು ಬಂದರೂ ನಿನ್ನವಳೇ ಆದ
ಅಮ್ಮ

ತಾ.ಕ.: ಲಕೋಟೆ ಅಂಟಿಸುವುದರೊಳಗೆ ನಿಮ್ಮಪ್ಪ ಕೈ ತೊಳೆಯಲು ಒಳಗೆ ಬಂದ. ಯಾರಿಗೆ ಕಾಗದ ಅಂದ. ತಡೆಯಲಾಗಲಿಲ್ಲ, ಎಲ್ಲ ಹೇಳಿಬಿಟ್ಟೆ. ವಾಪಸ್ ಹೇಳು ಅಂದೆ. “ಗಡ್ಡೆ ಬೆಳೀತಾ ಇದೆ. ಆ ಹೊಸ ಔಷಧಿ ನಿನಗಲ್ಲ, ನಿನ್ನ ನಂತರ ಬರೋರಿಗೆ” ಅಂದ. ಒಂದೂ ತಪ್ಪಿಲ್ಲ. ನಲ್ಲಿ ಸುಮ್ಮನೆ ಸುರಿಯುತ್ತಲೇ ಇತ್ತು. ಆಮೇಲೆ ಕೇಳಿದ: “ಇದನ್ನ ಜೋಲೀನ್‌ಗೆ ಯಾರು ಹೇಳಿದ್ರು? ಆಗ ಅವಳ ಪಕ್ಕ ಯಾರಿದ್ರು?”

ಬಾಗಿಲ ಪಕ್ಕ ಒಬ್ಬಳೇ ನಿಂತು ಕೇಳಿಸಿಕೊಂಡೆ ನೀನು, ನಾನು ಅದನ್ನು ಯೋಚಿಸಿಯೇ ಇರಲಿಲ್ಲ ಕಣೆ. ಅವನೀಗ ಗಾಡಿಯ ಕೀಲಿ ಹುಡುಕುತ್ತಿದ್ದಾನೆ, ಈ ಕಾಗದ ಅಂಚೆಗಲ್ಲ, ನಿನ್ನ ಕೈಗೇ. ನೀನು ಬರಬೇಕಿಲ್ಲ. ನಾವೇ ಬರುತ್ತಿದ್ದೇವೆ.