ಗಡಿಯಲ್ಲಿ ಕಾದು ಕುಳಿತ ಆರು ಓಟಿಪಿಗಳು

ನಮ್ಮ ಮೊಬೈಲ್ ಕಂಪನಿಯ ಅಂತರರಾಷ್ಟ್ರೀಯ ರೋಮಿಂಗ್ ವಿಭಾಗದ ಮಾನ್ಯ ಮುಖ್ಯಾಧಿಕಾರಿಗಳೇ,

ಕಳೆದ ಮಾರ್ಚ್ ತಿಂಗಳ ಒಂದು ಬೆಳಗ್ಗೆ, ಎಪ್ಪತ್ತೊಂದು ವರ್ಷದ ನಮ್ಮಪ್ಪ ಪಾವಗಡ ತಾಲ್ಲೂಕಿನ ತಮ್ಮ ಹೊಲಕ್ಕೆ ನೀರು ಬಿಡುವ ಸಲುವಾಗಿ ನೇಪಾಳದಿಂದ ಭಾರತಕ್ಕೆ ನಡೆದುಕೊಂಡು ಬರಬೇಕಾಯಿತು. ಇದಕ್ಕೆ ನೀವೇ ಕಾರಣ. ಈ ಮಾತನ್ನು ನಿಮ್ಮ ಗ್ರಾಹಕ ಸೇವಾ ಕೇಂದ್ರಕ್ಕೆ ನಾಲ್ಕು ಸಲ ಹೇಳಿದ್ದೇನೆ. ನಾಲ್ಕು ಸಲವೂ ‘ನಮ್ಮ ಸೇವೆಗೆ ಐದರಲ್ಲಿ ಎಷ್ಟು ಅಂಕ ಕೊಡುತ್ತೀರಿ’ ಎಂಬ ಪ್ರಶ್ನೆ ಬಂದಿತೇ ಹೊರತು ಉತ್ತರ ಬರಲಿಲ್ಲ. ಅಂಕ ಕೊಡುವುದು ನನ್ನ ಕಸುಬೇ, ಆದರೆ ಸೊನ್ನೆ ಕೊಡಲು ನೀವು ಜಾಗವನ್ನೇ ಇಟ್ಟಿಲ್ಲ. ಆದ್ದರಿಂದ ಊರಿಗೆಲ್ಲ ಕೇಳುವಂತೆ ಬರೆಯುತ್ತಿದ್ದೇನೆ. ನಿಮ್ಮ ಕೊಠಡಿಯಲ್ಲಿ ಟವರ್ ಚೆನ್ನಾಗಿ ಸಿಗುತ್ತದೆಂದು ನಂಬಿದ್ದೇನೆ.

ಮೊದಲು ನನ್ನ ತಪ್ಪು ಒಪ್ಪಿಕೊಂಡುಬಿಡುತ್ತೇನೆ. ನಾನು ಕೊರಟಗೆರೆಯ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಹುಟ್ಟಿದ್ದು ಮಾತ್ರ ಪಾವಗಡದ ಕಡೆ, ಆಂಧ್ರಕ್ಕೆ ಅಂಟಿಕೊಂಡ ಊರಲ್ಲಿ. ನಮಗೆ ಗಡಿ ದಾಟುವುದು ಹೊಸದಲ್ಲ. ಮಧುಗಿರಿಯಿಂದ ಪಾವಗಡಕ್ಕೆ ಹೊರಟ ಬಸ್ಸು ದಾರಿಯಲ್ಲಿ ಆಂಧ್ರಕ್ಕೆ ಹೊಕ್ಕು, ಅಲ್ಲಿಂದ ಮತ್ತೆ ಕರ್ನಾಟಕಕ್ಕೆ ಬರುತ್ತದೆ. ಅಷ್ಟರಲ್ಲಿ ನೀವು ನಮಗೆ ಎರಡು ಸಲ ಸ್ವಾಗತ ಕೋರಿರುತ್ತೀರಿ, ಒಮ್ಮೆ ತೆಲುಗಿನಲ್ಲಿ, ಒಮ್ಮೆ ಕನ್ನಡದಲ್ಲಿ. ನಮ್ಮ ಮನೆಯಲ್ಲಂತೂ ಅಡುಗೆಮನೆಗೆ ಕರ್ನಾಟಕದ ಟವರ್, ಹಿತ್ತಲಿಗೆ ಆಂಧ್ರದ ಟವರ್. ನಮ್ಮಮ್ಮ ಪಾತ್ರೆ ತೊಳೆಯಲು ಹೋದಾಗಲೆಲ್ಲ ಅವಳ ಫೋನು ರಾಜ್ಯ ಬಿಟ್ಟು ಹೋಗಿ ಬರುತ್ತದೆ, ಮಾತು ಮಾತ್ರ ಕಡಿಯುವುದಿಲ್ಲ. ಇಂಥ ಊರಿನವಳಾದ ನಾನು, ಲುಂಬಿನಿ ಯಾತ್ರೆಗೆ ಹೊರಟಿದ್ದ ನಮ್ಮ ನಲವತ್ತು ಜನರ ತಂಡಕ್ಕೆ ಎದೆಯುಬ್ಬಿಸಿ ಹೇಳಿದೆ: “ನೇಪಾಳಕ್ಕೆ ಪಾಸ್‌ಪೋರ್ಟೇ ಬೇಡ. ಇನ್ನು ಫೋನಿಗೆ ಏನು ಬೇಕು? ಅಲ್ಲಿನ ಟವರ್ ಹಿಡ್ಕೊಳ್ಳುತ್ತೆ ಬಿಡಿ.” ಟೀಚರಮ್ಮ ಹೇಳಿದರೆಂದು ನಲವತ್ತು ಜನವೂ ನಂಬಿದರು.

ನಂಬಿದವರಲ್ಲಿ ನಮ್ಮಪ್ಪ ಚಿಕ್ಕರಂಗಯ್ಯನವರೂ ಒಬ್ಬರು. ನಾನು ಹುಟ್ಟುವ ಮೊದಲಿನಿಂದಲೂ ನಮ್ಮ ಮನೆಯ ಬೀರುವಿನ ಬಾಗಿಲಿಗೆ ಲುಂಬಿನಿಯದೊಂದು ಕ್ಯಾಲೆಂಡರ್ ಚಿತ್ರ ಅಂಟಿದೆ. ಬುದ್ಧ ಹುಟ್ಟಿದ ಜಾಗ, ಒಂದು ಕೊಳ, ಒಂದು ಮರ. ತಿಂಗಳು, ವರ್ಷ ಎಲ್ಲ ಕಿತ್ತುಹೋಗಿ ಮರ ಮತ್ತು ಕೊಳ ಮಾತ್ರ ಉಳಿದಿವೆ. “ಬರೋ ವರ್ಸ ಆ ಮರದ ಕೆಳೀಕೆ ಒಂದು ಬೆಳಗ್ಗೆ ಪೂರ್ತಿ ಕುಂತ್ಕಂಡು ಬತ್ತೀನಿ” ಎಂದು ಅಪ್ಪ ಪ್ರತಿ ವರ್ಷ ಹೇಳುತ್ತಿದ್ದರು. ಅಷ್ಟರಲ್ಲಿ ಬಿತ್ತನೆ ಬರುತ್ತಿತ್ತು, ಇಲ್ಲವೇ ಯಾರದಾದರೂ ಮದುವೆ ಬರುತ್ತಿತ್ತು. ನಲವತ್ತು ವರ್ಷ ಹೀಗೇ ಕಳೆಯಿತು. ಈ ವರ್ಷ ನಾನು ಕೇಳದೆಯೇ ಅಪ್ಪ, ಅಮ್ಮ ಇಬ್ಬರ ಹೆಸರನ್ನೂ ಬರೆಸಿಬಿಟ್ಟೆ.

ಇನ್ನು ಹೊಲದ ವಿಷಯ. ಮೋಟಾರಿಗೆ ಬೇಕಾದ ತ್ರೀಫೇಸ್ ಕರೆಂಟು ನಮ್ಮ ಕಡೆ ಅದಕ್ಕೆ ಇಷ್ಟ ಬಂದ ಹೊತ್ತಿಗೆ ಬರುವುದರಿಂದ, ಬೋರ್‌ವೆಲ್ ಇರುವವರೆಲ್ಲ ಮೊಬೈಲ್ ಸ್ಟಾರ್ಟರ್ ಹಾಕಿಸಿಕೊಂಡಿದ್ದಾರೆ. ಆ ಡಬ್ಬಿಯೊಳಗೆ ಒಂದು ಸಿಮ್ ಇರುತ್ತದೆ. ಯಜಮಾನ ತನ್ನ ಫೋನಿನಿಂದ ಅದಕ್ಕೆ ಕರೆ ಮಾಡಿ ಒಂದು ಒತ್ತಿದರೆ ಮೋಟಾರು ಶುರು, ಎರಡು ಒತ್ತಿದರೆ ಬಂದ್. ಬೇರೆ ನಂಬರಿನಿಂದ ಕರೆ ಬಂದರೆ ಅದು ಬಾಯಿ ಬಿಡುವುದಿಲ್ಲ. ಇನ್ನೊಂದು ನಂಬರು ಸೇರಿಸಬಹುದು, ಅಪ್ಪ ಸೇರಿಸಿಲ್ಲ. “ಎಲ್ಡು ಕೈ ಬಿದ್ರೆ ಮೋಟ್ರು ಸುಟ್ಟೋಯ್ತದೆ” ಎಂಬುದು ಅವರ ವಾದ. ಸಾಲದ್ದಕ್ಕೆ ಕಳ್ಳರಿಗೆ ಹೆದರಿ ಆ ಡಬ್ಬಿಯ ಸುತ್ತ ಮಧುಗಿರಿಯಲ್ಲಿ ಗಟ್ಟಿ ಕಬ್ಬಿಣದ ಪೆಟ್ಟಿಗೆ ಮಾಡಿಸಿ, ಬೀಗ ಹಾಕಿ, ಇರುವ ಒಂದೇ ಬೀಗದ ಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡಿದ್ದಾರೆ. ಸ್ನಾನ ಮಾಡುವಾಗಲೂ ಅದು ಸೊಂಟದಲ್ಲೇ ಇರುತ್ತದೆ. ಹೀಗೆ ಬೀಗದ ಕೈ ಮತ್ತು ನಂಬರು ಎರಡೂ ಒಬ್ಬರ ಮೈಮೇಲೆಯೇ ಲುಂಬಿನಿಗೆ ಹೊರಟವು.

ಭಾರತದೊಳಗೆ ಇದರಿಂದ ಯಾವ ತೊಂದರೆಯೂ ಆಗಲಿಲ್ಲ, ನಿಮ್ಮನ್ನು ಹೊಗಳಬೇಕಾದಲ್ಲಿ ಹೊಗಳುತ್ತೇನೆ. ನಾಗಪುರ ದಾಟಿದ ಮೇಲೆ ಓಡುವ ರೈಲಿನಿಂದಲೇ ಅಪ್ಪ ಒಂದು ಒತ್ತಿದರು, ಇಲ್ಲಿ ಕಡಲೆಕಾಯಿ ಹೊಲಕ್ಕೆ ನೀರು ಬಂತು. ಬುದ್ಧಗಯೆಯಲ್ಲಿ ಬೋಧಿವೃಕ್ಷಕ್ಕೆ ಕೈಮುಗಿದು, ಪಕ್ಕಕ್ಕೆ ಸರಿದು, ಮತ್ತೊಮ್ಮೆ ಒತ್ತಿದರು. ನಾವು ಸಾರನಾಥ ತಲುಪುವ ಹೊತ್ತಿಗೆ ಮಾತ್ರ ಊರಿನ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಯಿತು. ಹೊಲದಲ್ಲಿ ನೀರು ಕಟ್ಟುವ ಕೆಲಸ ಒಪ್ಪಿಕೊಂಡಿದ್ದ ಪಕ್ಕದ ಹೊಲದ ಲಕ್ಕಮ್ಮತ್ತೆ ಐದು ದಿನ ಬರಿಗೈಲಿ ಹೋಗಿ ಬಂದರು. ಆರನೆಯ ದಿನ ಸಂಜೆ, ನಾವು ಸೊನೌಲಿಯ ಗಡಿ ಬಾಗಿಲಲ್ಲಿ ನಿಂತಿದ್ದಾಗ ಅವರದೇ ಫೋನು ಬಂತು.

“ಅಣ್ಣ, ಹೊಸ ಟೀಸಿ ಕೂರ್ಸವ್ರೆ. ನಾಳೀಕೆ ಬೆಳಗ್ಗೆ ಆರರಿಂದ ಹತ್ ಗಂಟೆಗಂಟ ಲೈನ್ ಕೊಡ್ತರಂತೆ. ಆಮೇಲೆ ಮೂರು ದಿನ ಏನೋ ಕೆಲಸ ಅಂತ ತಿರ್ಗಾ ತೆಗೀತರಂತೆ. ಗಿಡ ತಲೆ ಬಗ್ಗಿಸ್ಕಂಡವೆ. ಕಾಯಿ ಬಲಿಯೋ ಹೊತ್ತು, ನಾಳೆ ನೀರು ಕಾಣ್ದಿದ್ರೆ ಬೆಳೆ ಕೈ ಬುಟ್ಟಂಗೆ.”

“ಅದಕ್ಯಾಕೆ ಅಂಗೆ ಗಾಬರಿ ಬೀಳ್ತೀಯ? ಲುಂಬಿನಿಯಿಂದ್ಲೇ ಒತ್ತತೀನಿ ಬುಡು” ಎಂದು ಅಪ್ಪ ಬಾಗಿಲು ದಾಟಿದರು. ಸ್ವಲ್ಪ ದೂರ ನಡೆಯುವುದರೊಳಗೆ ಅವರ ಬಟನ್ ಫೋನಿನ ಟವರ್ ಗೆರೆಗಳು ಒಂದೊಂದಾಗಿ ಮಾಯವಾದವು. ಅಪ್ಪ ಅದನ್ನು ಕೊಡವಿದರು, ಬ್ಯಾಟರಿ ತೆಗೆದು ಹಾಕಿದರು, ಆಮೇಲೆ ನನ್ನ ಮುಖ ನೋಡಿದರು. ನಲವತ್ತು ಜನವೂ ನನ್ನ ಮುಖವನ್ನೇ ನೋಡುತ್ತಿದ್ದರು.

ಮಾನ್ಯರೇ, ಇಲ್ಲಿಂದ ಮುಂದಿನದು ನಿಮ್ಮ ಸಾಧನೆ. ಲುಂಬಿನಿಯ ಯಾತ್ರಿ ನಿವಾಸದಲ್ಲಿ ವೈಫೈ ಇತ್ತು. ನನ್ನ ಫೋನಿನಲ್ಲಿ ನಿಮ್ಮ ಆ್ಯಪ್ ತೆರೆದು, ಅಪ್ಪನ ನಂಬರಿಗೆ ರೋಮಿಂಗ್ ಹಾಕಿಸಲು ಕುಳಿತೆ. ನೀವು ಎಷ್ಟು ಕೇಳಿದರೂ ಕೊಡಲು ಸಿದ್ಧಳಿದ್ದೆ, ತೆಗೆದುಕೊಳ್ಳುವವರೇ ಇರಲಿಲ್ಲ. ‘ನಿಮ್ಮ ನಂಬರಿಗೆ ಓಟಿಪಿ ಕಳಿಸಿದ್ದೇವೆ, ಅದನ್ನು ಇಲ್ಲಿ ನಮೂದಿಸಿ’ ಎಂದಿತು ಆ್ಯಪ್. ಯಾವ ನಂಬರಿಗೆ? ಟವರ್ ಇಲ್ಲದೆ ಸತ್ತು ಮಲಗಿದ್ದ ಅದೇ ನಂಬರಿಗೆ. ಟವರ್ ಬರಬೇಕಾದರೆ ಓಟಿಪಿ ಬೇಕು, ಓಟಿಪಿ ಬರಬೇಕಾದರೆ ಟವರ್ ಬೇಕು. ಇಂಥದೊಂದು ವ್ಯವಸ್ಥೆಯನ್ನು ರೂಪಿಸಲು ಎಷ್ಟು ಜನ ಇಂಜಿನಿಯರುಗಳು ಎಷ್ಟು ಸಭೆ ನಡೆಸಿದರು? ಅವರಲ್ಲಿ ಒಬ್ಬರಾದರೂ ಒಂದು ದಿನವಾದರೂ ದೇಶ ಬಿಟ್ಟು ಹೋಗಿದ್ದರೇ?

ಆರು ಸಲ ಪ್ರಯತ್ನಿಸಿದೆ. ಆಮೇಲೆ ನಿಮ್ಮ ಚಾಟ್ ಸಹಾಯಕಿಯನ್ನು ಕೇಳಿದೆ. ಬಹಳ ವಿನಯವಂತೆ. ‘ತೊಂದರೆಗೆ ವಿಷಾದಿಸುತ್ತೇವೆ, ದಯವಿಟ್ಟು ಅದೇ ನಂಬರಿನಿಂದ ನಮಗೆ ಕರೆ ಮಾಡಿ’ ಎಂದಳು. ಅದರಿಂದ ಕರೆ ಹೋಗದಿರುವುದೇ ತೊಂದರೆ ಎಂದೆ. ‘ಹಾಗಾದರೆ ನಿಮ್ಮ ಹತ್ತಿರದ ಮಳಿಗೆಗೆ ಭೇಟಿ ನೀಡಿ’ ಎಂದು ವಿಳಾಸ ಕೊಟ್ಟಳು. ಅದು ಎರಡು ಸಾವಿರ ಕಿಲೋಮೀಟರ್ ಆಚೆ ಇರುವ ಶಿರಾದ್ದು. ಭಾನುವಾರ ರಜೆ ಎಂದೂ ತಿಳಿಸಿದಳು.

ನೇಪಾಳದ ಸಿಮ್ ಕೊಳ್ಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ಕೊಳ್ಳಬಹುದಿತ್ತು, ಆದರೆ ಹೊಸ ನಂಬರಿಗೆ ನಮ್ಮ ಮೋಟಾರು ಬಾಯಿ ಬಿಡಬೇಕಲ್ಲ? ಹಾಗಾಗಿ ವೈಫೈಯಲ್ಲೇ ಲಕ್ಕಮ್ಮತ್ತೆಗೆ ವಾಟ್ಸಾಪ್ ಕರೆ ಮಾಡಿ, ಬೀಗ ಒಡೆದುಬಿಡಿ, ಬೆಳಗ್ಗೆ ಕೈಯಿಂದಲೇ ಮೋಟಾರು ಹಾಕಬಹುದು ಎಂದೆ. ಅವರು ಹಾರೆ ಹಿಡಿದು ಹೋಗಿ, ಅರ್ಧ ಗಂಟೆಯ ಮೇಲೆ ಏದುಸಿರು ಬಿಡುತ್ತ ತಿರುಗಿ ಕರೆ ಮಾಡಿದರು. “ಹಾರೆ ಬಗ್ಗೋಯ್ತು ಕಣಮ್ಮ. ನಿಮ್ಮಪ್ಪ ಅದೇನು ಪೆಟ್ಗೆ ಮಾಡ್ಸವ್ನೋ ಏನೋ, ಬೀಗ ಅಲ್ಲಾಡಾಕೂ ಒಲ್ದು.” ಪಕ್ಕದಲ್ಲಿ ಕುಳಿತಿದ್ದ ಅಪ್ಪನ ಮುಖದಲ್ಲಿ ಆ ಸಂಕಟದಲ್ಲೂ ಒಂದು ಹೆಮ್ಮೆ ಕಾಣಿಸಿತು. ನನಗೆ ಮೈಯೆಲ್ಲ ಉರಿಯಿತು.

ನಮ್ಮ ತಂಡಕ್ಕೆ ಲುಂಬಿನಿಯಲ್ಲಿ ಇದ್ದುದು ಒಂದೇ ಬೆಳಗ್ಗೆ. ಏಳಕ್ಕೆ ಮರದ ಕೆಳಗೆ ವಂದನೆ, ಧ್ಯಾನ, ಹನ್ನೊಂದಕ್ಕೆ ಬಸ್ಸು. ಗಡಿಗೆ ಹೋಗಲು ಒಂದು ಗಂಟೆ, ಬರಲು ಒಂದು ಗಂಟೆ ದಾರಿ. ಹೋದ ಕೂಡಲೇ ಒತ್ತಿ ಬಂದುಬಿಡೋಣವೆಂದರೆ ನಮ್ಮ ಬೋರು ಒಂದು ಗಂಟೆ ನೀರು ಎತ್ತಿ ಅರ್ಧ ಗಂಟೆ ಸುಧಾರಿಸಿಕೊಳ್ಳುತ್ತದೆ, ನಡುವೆ ನಿಲ್ಲಿಸದಿದ್ದರೆ ಮೋಟಾರು ಸುಡುತ್ತದೆ. ಅಂದರೆ ಮೋಟಾರಿಗೆ ಹೋದರೆ ಲುಂಬಿನಿ ಇಲ್ಲ, ಲುಂಬಿನಿಗೆ ನಿಂತರೆ ಬೆಳೆ ಇಲ್ಲ. “ಹೋದ್ರೆ ಹೋಗ್ಲಿ ಬಿಡಪ್ಪ ಕಡಲೆಕಾಯಿ. ನಲವತ್ತು ವರ್ಷ ಕಾದಿದ್ದೀಯ” ಎಂದೆ. ಅಪ್ಪ ಆಗಲೇ ಪಂಚೆ ಬಿಗಿದುಕೊಳ್ಳುತ್ತಿದ್ದರು.

“ಬುದ್ಧ ಎಲ್ಲಿಗೂ ಹೋಗಾಕಿಲ್ಲ ಕಣಮ್ಮ. ಕರೆಂಟು ಹತ್ ಗಂಟೆಗೆ ಹೋಯ್ತದೆ.”

ಬೆಳಕು ಹರಿಯುವ ಮೊದಲೇ ಅಪ್ಪ, ನಾನು ಒಂದು ಆಟೋ ಹಿಡಿದು ಗಡಿಗೆ ಬಂದು, ನಡೆದು ಭಾರತಕ್ಕೆ ಬಂದೆವು. ಕೂಡಲೇ ಅಪ್ಪನ ಜೇಬು ಗುಂಯ್‌ಗುಟ್ಟಿತು. ನಿಮ್ಮ ಆರೂ ಓಟಿಪಿಗಳು ರಾತ್ರಿಯೆಲ್ಲ ಅಲ್ಲೇ ಕಾದಿದ್ದು ಒಂದರ ಹಿಂದೊಂದು ಬಂದಿಳಿದವು, ಪ್ರತಿಯೊಂದರ ಆಯಸ್ಸೂ ಹತ್ತೇ ನಿಮಿಷ. ಅವುಗಳ ಹಿಂದೆ ಏಳನೆಯ ಸಂದೇಶ: ‘ನೀವು ವಿದೇಶ ತಲುಪಿದ್ದೀರಿ. ರೋಮಿಂಗ್ ಪ್ಯಾಕ್ ಹಾಕಿಸಿಕೊಳ್ಳಿ. ನಿಮ್ಮ ಪ್ರವಾಸ ಸುಖಕರವಾಗಿರಲಿ.’ ಅದನ್ನು ನಾನು ಅಪ್ಪನಿಗೆ ಓದಿ ಹೇಳಲಿಲ್ಲ.

ಅಪ್ಪ ಕರೆ ಮಾಡಿ ಒಂದು ಒತ್ತಿದರು. ಮೋಟಾರು ಶುರುವಾಯಿತೆಂದು ಡಬ್ಬಿ ಹೇಳಿತು. ಅಪ್ಪ ಅದರ ಮಾತು ನಂಬದೆ ಲಕ್ಕಮ್ಮತ್ತೆಗೆ ಫೋನು ಹಚ್ಚಿದರು. ಅವರು ತಮ್ಮ ಫೋನನ್ನು ಪೈಪಿನ ಬಾಯಿಗೆ ಹಿಡಿದರು. ಸೊನೌಲಿಯ ರಸ್ತೆ ಬದಿಯಲ್ಲಿ, ಲಾರಿಗಳ ಹಾರ್ನಿನ ನಡುವೆ, ನಮ್ಮ ಹೊಲದ ನೀರು ಬೀಳುವ ಸದ್ದು ಕೇಳಿಸಿತು. ಗಡಿ ಕಾಯುವ ಜವಾನನೊಬ್ಬ ಅನುಮಾನದಿಂದ ಬಂದು ಏನೆಂದು ವಿಚಾರಿಸಿದ. ನನ್ನ ಹರಕು ಹಿಂದಿಯಲ್ಲಿ ವಿವರಿಸಿದೆ. ಆತ ಫೋನನ್ನು ತನ್ನ ಕಿವಿಗೂ ಹಿಡಿದು ನೋಡಿ, ಒಳಗಿನಿಂದ ಒಂದು ಕುರ್ಚಿ ತಂದು ಅಪ್ಪನನ್ನು ಕೂರಿಸಿದ. ನಿಮ್ಮ ಇಡೀ ಇಲಾಖೆಗೆ ಹೊಳೆಯದ ಗ್ರಾಹಕ ಸೇವೆ ಆತನಿಗೆ ಹೊಳೆಯಿತು.

ಎರಡು ಸರದಿ ಮುಗಿಯುವ ಹೊತ್ತಿಗೆ ಎಂಟೂವರೆ ದಾಟಿತ್ತು. ಈಗ ಹೊರಟರೂ ಮರದ ಕೆಳಗೆ ಸ್ವಲ್ಪ ಹೊತ್ತು ಕೂರಬಹುದು, ಏಳಪ್ಪ ಎಂದು ರಟ್ಟೆ ಹಿಡಿದೆ. ಅಷ್ಟರಲ್ಲಿ ಲಕ್ಕಮ್ಮತ್ತೆ, “ಕೆಳಗ್ಲ ನಾಕು ಮಡಿ ಉಳ್ಕಂಡವೆ ಅಣ್ಣ” ಎಂದರು. ಅಪ್ಪ ಕುರ್ಚಿಯಿಂದ ಏಳಲಿಲ್ಲ. ಆಗ ನನಗೆ ಅಳು ಬಂತು. ಹೊಲದ ಮೇಲಿನ ಸಿಟ್ಟಿಗಲ್ಲ, ನಿಮ್ಮ ಮೇಲಿನ ಸಿಟ್ಟಿಗೆ. ಒಂದು ಗುಂಡಿ ಒತ್ತುವಷ್ಟು ಟವರ್ ಇದ್ದಿದ್ದರೆ ಅವರು ಆ ಹೊತ್ತಿನಲ್ಲಿ ಕಣ್ಣು ಮುಚ್ಚಿ ಮರದ ಕೆಳಗೆ ಕುಳಿತಿರುತ್ತಿದ್ದರು.

ಮೂರನೆಯ ಸರದಿಯನ್ನು ಹತ್ತಕ್ಕೆ ಮುಗಿಸಿ, ಸಿಕ್ಕ ಜೀಪು ಹತ್ತಿ ಓಡಿದೆವು. ನೇಪಾಳದ ಗಡಿಯಾರ ಬೇರೆ ನಮ್ಮದಕ್ಕಿಂತ ಕಾಲು ಗಂಟೆ ಮುಂದಿದೆ, ಅದೂ ಆ ದಿನ ನಮಗೆ ವೈರಿಯಾಯಿತು. ಹೋಗಿ ನೋಡಿದರೆ ತಂಡದವರೆಲ್ಲ ಬಸ್ಸಿನಲ್ಲಿ ಕೂತಾಗಿತ್ತು. ನಮ್ಮಮ್ಮ ದಾಸಮ್ಮ ಮಾತ್ರ ಬಸ್ಸಿನ ಮೆಟ್ಟಿಲ ಮೇಲೆ ಅಡ್ಡ ಕುಳಿತಿದ್ದಳು. ಡ್ರೈವರು ಬೇಡಿಕೊಳ್ಳುತ್ತಿದ್ದ, ಯಾತ್ರೆಯ ಉಸ್ತುವಾರಿ ಹೊತ್ತಿದ್ದ ಮಲ್ಲೇಶ್ ಗದರುತ್ತಿದ್ದರು. “ನಮ್ಮೆಜಮಾನ್ರು ಮರ ನೋಡೋಗಂಟ ನಾನು ಎದ್ದೇಳಾಕಿಲ್ಲ. ಬೇಕಾರೆ ನನ್ ಮ್ಯಾಲೆ ಹತ್ತಿಸ್ಕಂಡೋಗಿ” ಎಂದು ಅವಳು ಎರಡಕ್ಕೂ ಒಂದೇ ಉತ್ತರ ಕೊಡುತ್ತಿದ್ದಳು.

ಅಪ್ಪನಿಗೆ ಹನ್ನೊಂದು ನಿಮಿಷ ಸಿಕ್ಕಿತು. ಮಲ್ಲೇಶ್ ವಾಚು ನೋಡಿ ಹೇಳಿದ ಲೆಕ್ಕ ಅದು. ಬರಿಗಾಲಲ್ಲಿ ಹೋಗಿ, ಕೊಳ ನೋಡಿ, ಮರದ ಬುಡದಲ್ಲಿ ಕುಳಿತು ಮೂರು ಸಲ ಸರಣಂ ಹೇಳಿ ಮುಗಿಸುವಷ್ಟರಲ್ಲಿ ಬಸ್ಸು ಹಾರ್ನ್ ಹೊಡೆಯಿತು. ಹಿಂದಿರುಗುವಾಗ ಅಪ್ಪ ಹೇಳಿದ್ದು ಒಂದೇ ಮಾತು: “ನಮ್ಮ ಬೀರು ಮ್ಯಾಲಿರೋ ಮರಾನೇ ಕಣಮ್ಮ. ವಸಿ ದಪ್ಪ ಆಗೈತೆ.”

ಬೆಳೆ ಉಳಿಯಿತು, ಕಾಯಿ ತುಂಬಿ ಬಂತು. ಲಕ್ಕಮ್ಮತ್ತೆಗೆ ಹೊಸ ಹಾರೆ ಕೊಡಿಸಿದ್ದೇವೆ. ಬುದ್ಧಿ ಕಲಿತ ಅಪ್ಪ ಸ್ಟಾರ್ಟರಿಗೆ ಎರಡನೆಯ ನಂಬರನ್ನೂ ಸೇರಿಸಿದ್ದಾರೆ. ಅದು ಅಮ್ಮನ ನಂಬರು. ಮುಂದಿನ ಮಾರ್ಚ್‌ಗೆ ಇಬ್ಬರೂ ಜೊತೆಯಲ್ಲೇ ಲುಂಬಿನಿಗೆ ಹೊರಟಿದ್ದಾರೆ. ಬೀಗದ ಕೈ ಬಿಟ್ಟು ಹೋಗುವ ಮಾತೆತ್ತಿದರೆ ಅಪ್ಪ ಸೊಂಟ ಮುಟ್ಟಿ ನೋಡಿಕೊಳ್ಳುತ್ತಾರೆ. ಆದ್ದರಿಂದ ಅವರನ್ನು ತಿದ್ದುವುದಕ್ಕಿಂತ ನಿಮ್ಮನ್ನು ತಿದ್ದುವುದು ಸುಲಭವೆಂದು ತೀರ್ಮಾನಿಸಿದ್ದೇನೆ.

ನಾನು ಕೇಳುವುದು ಹೆಚ್ಚೇನಲ್ಲ. ಆಂಧ್ರದಲ್ಲಿ ನಾಲ್ಕು ಹೆಜ್ಜೆ ಇಟ್ಟರೆ ತೆಲುಗಿನಲ್ಲಿ ಸ್ವಾಗತ ಕೋರುವ ನೀವು, ದೇಶದ ಕೊನೆಯ ಟವರಿನಿಂದ ನಮಗೊಂದು ಕರೆ ಮಾಡಿ. ಸಂದೇಶ ಬೇಡ, ಅಪ್ಪನಿಗೆ ಕಣ್ಣು ಮಂಜು. ‘ಇನ್ನು ಮುಂದೆ ನಿಮ್ಮ ಫೋನು ಮಾತಾಡುವುದಿಲ್ಲ, ಮಾತಾಡಬೇಕಿದ್ದರೆ ಒಂದು ಒತ್ತಿ’ ಎಂದು ಕನ್ನಡದಲ್ಲಿ ಹೇಳಿ. ಒಂದು ಒತ್ತುವುದು ಅವರಿಗೆ ಚೆನ್ನಾಗಿ ಗೊತ್ತು. ಅದನ್ನೂ ಮರೆತು ದಾಟಿದವರಿಗೆ, ಓಟಿಪಿಯನ್ನು ಸತ್ತ ಫೋನಿಗೆ ಕಳಿಸದೆ ಮೊದಲೇ ಬರೆಸಿಕೊಟ್ಟ ಮನೆಯವರ ನಂಬರಿಗೆ ಕಳಿಸಿ. ಇಷ್ಟನ್ನು ಫೆಬ್ರವರಿಯೊಳಗೆ ಮಾಡಿ ಕೊಡಿ. ನಮ್ಮಪ್ಪನಿಗೆ ಈಗ ಎಪ್ಪತ್ತೊಂದು. ಆ ಮರದ ಕೆಳಗೆ ಅವರಿಗೆ ಇನ್ನೂ ಒಂದು ಇಡೀ ಬೆಳಗ್ಗೆ ಬರಬೇಕಿದೆ, ಹನ್ನೊಂದು ನಿಮಿಷ ಕಳೆದು.

ಇಂತಿ,
ಭೂಪಟದಲ್ಲಿ ಗಡಿಗಳನ್ನು ಕೋಲಿನಿಂದ ತೋರಿಸುತ್ತ ಹತ್ತೊಂಬತ್ತು ವರ್ಷ ಸಂಬಳ ಪಡೆದು, ಅವು ನಿಜವಾಗಿ ಎಲ್ಲಿವೆಯೆಂದು ಅಪ್ಪನ ಬಟನ್ ಫೋನಿನಿಂದ ಕಲಿತ,
ಸಿ. ಸುನಿತಾ
ಸಮಾಜ ವಿಜ್ಞಾನ ಶಿಕ್ಷಕಿ, ಕೊರಟಗೆರೆ