ದಿಂಬಿಗೆ ಬಿದ್ದ ಏಟು

ಪ್ರೀತಿಯ ತಂಗಿ,

ನೀನು ತೀರಿಹೋಗಿ ನಾಲ್ಕು ವರ್ಷವಾದರೂ ನಿನ್ನ ಮಗಳ ಸುದ್ದಿಯನ್ನು ನಿನಗಲ್ಲದೆ ಯಾರಿಗೆ ಹೇಳಲಿ? ಆಪರೇಷನ್ ಆಗಿ ಅಳಿಯನಿಗೆ ಮತ್ತೆ ಕಣ್ಣು ಬಂತು. ಕಾಣದಿದ್ದಾಗ ಅವನು ಬೆಲ್ಟು ಬೀಸಿದರೆ ಇವಳು ಸದ್ದಿಲ್ಲದೆ ಸರಿದು, ದಿಂಬು ಒಡ್ಡಿ, "ಅಯ್ಯೋ, ಸತ್ತೆ!" ಎಂದು ಕೂಗುತ್ತಿದ್ದಳಂತೆ. ಏಟು ಬಿತ್ತೆಂದು ಅವನು ಸುಮ್ಮನಾಗುತ್ತಿದ್ದ.

ಇವತ್ತು ಬೆಳಿಗ್ಗೆ ಅವನು ಬೆಲ್ಟು ಎತ್ತಿದಾಗ, ಅಭ್ಯಾಸ ನೋಡು, ಇವಳು ದಿಂಬನ್ನೇ ಒಡ್ಡಿ ಕೂಗಿದಳು.

"ಏನೇ, ಇಷ್ಟು ವರ್ಷ ದಿಂಬಿಗೆ ಹೊಡೆಸ್ತಿದ್ಯಾ ನನ್ ಕೈಲಿ?" ಎಂದವನು ಬಕಲಿನ ಕಡೆಯಿಂದ ಮುಖಕ್ಕೇ ಬಾರಿಸಿದ. ಹುಬ್ಬು ಸೀಳಿ ಏಳು ಹೊಲಿಗೆ ಬಿದ್ದಿವೆ.

ನನ್ನ ಮಂಚದಲ್ಲಿ ಮಲಗಿ, "ಆಪರೇಷನ್ ಮಾಡಿಸ್ಬೇಡ ಅಂತ ನಾನು ಅಂದಿದ್ನಲ್ಲ ದೊಡ್ಡಮ್ಮ" ಎಂದಳು.

ಸಂಜೆ ಅವನು ಪಕ್ಕದ ಮನೆಯಿಂದ ಬಂದು ನನ್ನ ಬಾಗಿಲು ಒದ್ದ. "ಕಣ್ಣಿಗೆ ಔಷಧಿ ಬಿಡೋ ಹೊತ್ತಾಯ್ತು, ತೆಗೀರಿ!"

ದಿನಕ್ಕೆ ನಾಲ್ಕು ಸಲ ನಾನೇ ಬಿಡುತ್ತಿದ್ದೆ. ಸೀಸೆಯನ್ನು ಮುಷ್ಟಿಯಲ್ಲಿ ಹಿಡಿದು, ಅವನು ಹೋಗುವವರೆಗೂ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದೆ.

ನಿನ್ನ ಅಕ್ಕ