ಹಸಿರಿನವರನ್ನು ಕೆದಕಬಾರದು

ಮಾರ್ಚ್ 2, ಶನಿವಾರ
ಚರ್ಚ್ ಹಾಲ್‌ನಲ್ಲಿ ನಾನು ನಡೆಸುವ ದಂಪತಿಗಳ ಸ್ವಭಾವದ ಕ್ಲಾಸು. ಒಂಬತ್ತು ಜೋಡಿ. ಕೆಂಪು ಅಂದರೆ ಮುಂಗೋಪಿ, ಹಳದಿ ಮಾತುಗಾರ, ನೀಲಿ ಚಿಂತೆಯವರು, ಹಸಿರು ಮೌನಿ. ಎಲ್ಲರೂ ಫಾರಂ ತುಂಬಿ ತಮ್ಮ ತಮ್ಮ ಬಣ್ಣ ಕಂಡುಕೊಂಡರು. ನನ್ನ ಒತ್ತಾಯಕ್ಕೆ ನನ್ನ ಗಂಡ ಎಬೊ ಕೂಡ ತುಂಬಿ, ಮಡಚಿ, ನನ್ನ ಕೈಗೇ ಕೊಟ್ಟ. ಬಿಚ್ಚಿ ನೋಡಲಿಲ್ಲ. ಇಪ್ಪತ್ತೊಂದು ವರ್ಷ ಸಂಸಾರ ಮಾಡಿದವಳಿಗೆ ಗಂಡನ ಬಣ್ಣ ಗೊತ್ತಿಲ್ಲವೇ? ಮೇಲೆ ‘ಹಸಿರು’ ಎಂದು ಬರೆದು ಚೀಲಕ್ಕೆ ಹಾಕಿದೆ.

ನಾನು ಕೆಂಪು. ಕೆಂಪಿನವರಿಗೆ ಬೋರ್ಡಿನ ಮೇಲೆ ನಾನೇ ಬರೆದ ಪಾಠ — ಹಸಿರಿನವರನ್ನು ಕೆದಕಬಾರದು, ಹೇಳಬೇಕೆನಿಸಿದಾಗ ಅವರೇ ಹೇಳುತ್ತಾರೆ. ಈ ಪಾಠ ಕಲಿತ ಜನವರಿಯಿಂದ ನಾನೂ ಪಾಲಿಸುತ್ತಿದ್ದೇನೆ. ಎರಡು ತಿಂಗಳು! ನನ್ನ ಬಾಯಿಗೆ ಇದು ದೊಡ್ಡ ಸಾಧನೆ.

ಮಾರ್ಚ್ 5, ಮಂಗಳವಾರ
ಊಟಕ್ಕೆ ಕೂತಾಗ ಎಬೊ ಕೈಯಿಂದ ಮೆಕ್ಕೆಜೋಳದ ಕೆಂಕೆಯ ತುತ್ತು ಎರಡು ಸಲ ಜಾರಿತು. ಬಲಗೈ ಉಜ್ಜಿಕೊಂಡ. ನನ್ನ ಕಡೆ ನೋಡಿದ. ಕೇಳುವ ಮಾತು ನಾಲಿಗೆಯ ತುದಿಗೆ ಬಂತು... ನುಂಗಿಕೊಂಡೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಪಕ್ಕದ ಮನೆಯಲ್ಲಿ ಮೀನು ಹುರಿದು ಮಾರುವ ಗೆಳತಿ ಎಸಿ ಕೆಣಕಿದಳು. “ಏನೇ ಅರಾಬಾ, ಬಾಯಿಗೆ ಬೀಗ ಹಾಕ್ಕೊಂಡಿದೀಯಾ? ನಿನ್ನ ಕೂಗಾಟ ಇಲ್ದೆ ಬೀದಿಯೆಲ್ಲಾ ಬಿಕೋ ಅಂತಿದೆ.”
“ಬದಲಾಗಿದೀನಿ ಕಣೇ.”
“ನಿನ್ನ ಗಂಡನ್ನ ಕೇಳಿದ್ಯಾ, ಅವನಿಗೆ ಇದು ಬೇಕಿತ್ತಾ ಅಂತ?”
ನಕ್ಕುಬಿಟ್ಟೆ.

ಮಾರ್ಚ್ 13, ಬುಧವಾರ
ಯಾರದೋ ಮನೆಯ ಸಾವಿಗೆ ಹೊಲಿಯಬೇಕಾದ ಕಪ್ಪು ಅಂಗಿ. ಎಬೊ ಒಂದೇ ಹೊಲಿಗೆಯನ್ನು ಮೂರು ಸಲ ಬಿಚ್ಚಿದ. ಇಡೀ ಕೇಪ್ ಕೋಸ್ಟ್‌ನಲ್ಲಿ ಅವನಷ್ಟು ನೇರ ಹೊಲಿಗೆ ಹಾಕುವ ದರ್ಜಿ ಇಲ್ಲ. ಹೊಲಿಗೆ ಮಿಷನ್ ಮುಂದೆ ಸುಮ್ಮನೆ ಕೂತಿದ್ದ.
“ಅರಾಬಾ...”
“ಹೂಂ?”
“ಏನಿಲ್ಲ ಬಿಡು.”
ಬಿಟ್ಟೆ. ನನ್ನ ತಾಳ್ಮೆಗೆ ನಾನೇ ಭೇಷ್ ಅಂದುಕೊಂಡೆ.

ಏಪ್ರಿಲ್ 4, ಗುರುವಾರ, ಆಸ್ಪತ್ರೆ
ಮೂರು ವಾರ ಬರೆಯಲಾಗಲಿಲ್ಲ. ಮಾರ್ಚ್ 15ರ ಬೆಳಿಗ್ಗೆ ಎಬೊ ಹೊಲಿಗೆ ಮಿಷನ್ ಮೇಲೇ ಕುಸಿದ. ಲಕ್ವ. ಬಲಗೈ, ಬಲಗಾಲು ಬಿದ್ದುಹೋಗಿವೆ. ಮಾತೂ ಹೋಗಿದೆ.
ಡಾಕ್ಟರಮ್ಮ ಕೇಳಿದರು, “ಮೊದಲೇ ಕೈ ಜೋಮು ಹಿಡೀತಿತ್ತಾ? ಏನಾದ್ರೂ ಹೇಳಿದ್ರಾ?”
“ಹೇಳಲಿಲ್ಲ” ಅಂದೆ.
‘ನೀವು ಕೇಳಿದ್ರಾ’ ಎಂದು ಅವರು ಕೇಳಲಿಲ್ಲ.

ಏಪ್ರಿಲ್ 9, ಮಂಗಳವಾರ
ಮನೆಗೆ ಕರೆತಂದೆವು. ಮಾತ್ರೆ ಚೀಟಿ ಹುಡುಕುವಾಗ ಚೀಲದಲ್ಲಿ ಅವನ ಫಾರಂ ಸಿಕ್ಕಿತು. ಮೇಲೆ ನನ್ನ ಅಕ್ಷರ — ಹಸಿರು. ಬಿಚ್ಚಿದೆ. ಕೊನೆಯ ಪ್ರಶ್ನೆ, ‘ಸಂಗಾತಿಯಿಂದ ಏನು ಬಯಸುತ್ತೀರಿ?’ ಅವನ ಬರಹ ಆಗಲೇ ಸೊಟ್ಟಗಾಗಿತ್ತು.

‘ಮೊದಲು ದಿನಾ ಬೈದು ಬೈದು ಕೇಳ್ತಿದ್ದಳು. ಈಗ ಕೇಳಲ್ಲ. ನಾನಾಗಿ ಹೇಳೋಕೆ ನಂಗೆ ಬರಲ್ಲ. ಒಂದು ಸಲ ಕೇಳಲಿ. ಕೈ ವಿಷಯ ಹೇಳ್ಬೇಕು.’

ಐದು ವಾರ ನನ್ನ ಹೆಗಲಲ್ಲೇ ನೇತಾಡುತ್ತಿತ್ತು. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ. ಎದೆ ಒಡೆದು ಅತ್ತೆ.

ಏಪ್ರಿಲ್ 13, ಶನಿವಾರ
ಕ್ಲಾಸಿಗೆ ಹೋಗಲಿಲ್ಲ. ಹಾಸಿಗೆಯ ಪಕ್ಕ ಕೂತು ಬೆಳಿಗ್ಗೆಯಿಂದ ಕೇಳುತ್ತಿದ್ದೇನೆ. “ಏನಾಗ್ತಿದೆ ಎಬೊ? ಹೇಳು. ಹೇಳೋ ತನಕ ಬಿಡಲ್ಲ ನಾನು.” ಹಳೇ ದನಿಯಲ್ಲೇ, ಬೀದಿಗೆಲ್ಲ ಕೇಳುವಂತೆ. ಎಡಗೈಯಿಂದ ನನ್ನ ಬಟ್ಟೆಯ ಅಂಚು ಹಿಡಿದುಕೊಂಡಿದ್ದಾನೆ. “ಅ... ಅ...” ಅಷ್ಟೇ. ಕಣ್ಣಲ್ಲಿ ನೀರು.

ನಾಳೆಯೂ ಕೇಳುತ್ತೇನೆ. ನಾಡಿದ್ದೂ. ಮತ್ತೆ ತುಟಿ ಅಲುಗುತ್ತಿದೆ. ತಾಳು ಎಬೊ, ಇಲ್ಲೇ ಇದೀನಿ, ಹೇಳು, ಹೇ—